ನಿಮಗಿದು ಗೊತ್ತೇ? ಬೀಳೋದರಲ್ಲಿತ್ತು, ಬೀಳಲಿಲ್ಲ

◆ ಬೀಳದೆ ಉಳಿದದ್ದಕ್ಕೂ ಒಂದು ನಂಬರಿದೆ. ಅಮೆರಿಕದ ಆಸ್ಪತ್ರೆಗಳು ಕಾಯಿಲೆ, ಗಾಯಗಳನ್ನು ದಾಖಲಿಸಲು ಬಳಸುವ ಸಂಕೇತಗಳ ಪಟ್ಟಿಗೆ ಐಸಿಡಿ-10-ಸಿಎಂ ಎಂದು ಹೆಸರು. ಅದರಲ್ಲಿ ಡಬ್ಲ್ಯು18.4 ಅಂದರೆ: ಜಾರಿದರು, ಎಡವಿದರು ಅಥವಾ ಮುಗ್ಗರಿಸಿದರು, ಆದರೆ ಬೀಳಲಿಲ್ಲ. ನಾವು "ಸದ್ಯ, ದೇವರು ದೊಡ್ಡವನು" ಅಂದು ಮುಂದಕ್ಕೆ ನಡೆದುಬಿಡುವ ಆ ಅರೆಕ್ಷಣಕ್ಕೆ ಅಲ್ಲಿ ಒಂದು ಖಾನೆಯನ್ನೇ ಮೀಸಲಿಟ್ಟಿದ್ದಾರೆ.

◆ ಆ ಖಾನೆಯೊಳಗೆ ಮತ್ತೆ ಖಾನೆಗಳು. ಕಾಲಡಿ ಏನೋ ವಸ್ತು ಸಿಕ್ಕಿ ಆಯ ತಪ್ಪಿದರೆ 18.41. ಗುಂಡಿಯಲ್ಲಿ ಕಾಲಿಟ್ಟಿದ್ದರೆ 18.42. ಒಂದು ಮಟ್ಟದಿಂದ ಇನ್ನೊಂದಕ್ಕೆ ಹೆಜ್ಜೆ ಇಡುವಾಗ ಆದದ್ದು 18.43. ಮೆಟ್ಟಿಲು ಮುಗಿಯಿತು ಅಂದುಕೊಂಡು ಕಾಲಿಟ್ಟಾಗ ಇನ್ನೂ ಒಂದು ಉಳಿದಿರುತ್ತದಲ್ಲ, ಹೊಟ್ಟೆಯೊಳಗೆ ಏನೋ ಝಲ್ ಅನ್ನುತ್ತದಲ್ಲ, ಅದು. ಈ ಯಾವುದಕ್ಕೂ ಸೇರದ್ದು 18.49. ಹೇಗಾಯಿತೆಂದು ಯಾರೂ ಬರೆದೇ ಇಲ್ಲದಿದ್ದರೆ 18.40. ಬೆಂಗಳೂರಿನ ಫುಟ್‌ಪಾತಿನಲ್ಲಿ ನಡೆಯುವವರಿಗೆ 18.42 ಒಂದನ್ನು ನೆನಪಿಟ್ಟುಕೊಂಡರೆ ಸಾಕು.

◆ ಜಾರು, ಎಡವು, ಮುಗ್ಗರಿಸು. ಈ ಮೂರು ಮಾತು ಕನ್ನಡದಲ್ಲಿ ಬೇರೆ ಬೇರೆಯಾಗಿರುವುದು ಸುಮ್ಮನೆ ಅಲ್ಲ. ಎಡವುವಾಗ ಕಾಲಿಗೆ ಏನೋ ತಗುಲುತ್ತದೆ. ಕಾಲು ಹಿಂದೆ ಉಳಿದು ಮೈ ಮುಂದಕ್ಕೆ ಹೋಗುತ್ತದೆ. ಜಾರುವಾಗ ಕಾಲೇ ಮುಂದಕ್ಕೆ ಹೋಗಿ ಮೈ ಹೆಚ್ಚಾಗಿ ಹಿಂದಕ್ಕೆ ವಾಲುತ್ತದೆ. ಮುಂದಕ್ಕೆ ಹೋದವರು ಕೈ ಊರುತ್ತಾರೆ, ಮಣಿಕಟ್ಟಿಗೆ ಪೆಟ್ಟು. ಹಿಂದಕ್ಕೆ ಹೋದವರಿಗೆ ಸೊಂಟ, ತಲೆ. ಆದ್ದರಿಂದ ಡಾಕ್ಟರು "ಏನಾಯ್ತು?" ಅಂತ ಕೇಳಿದಾಗ ಅಜ್ಜಿ ಹೇಳುವ ಕ್ರಿಯಾಪದವೇ ಅರ್ಧ ತಪಾಸಣೆ. ಅದನ್ನು "ಫಾಲ್" ಎಂದು ಒಂದೇ ಮಾತಿನಲ್ಲಿ ಬರೆದುಕೊಂಡರೆ ಆ ಅರ್ಧ ಹೋಯಿತು.

◆ "ಆಯತಪ್ಪಿ ಬಿದ್ದು ಸಾವು" ಎಂಬ ತಲೆಬರಹ ನಮ್ಮ ಪತ್ರಿಕೆಗಳಲ್ಲಿ ವಾರಕ್ಕೊಮ್ಮೆಯಾದರೂ ಕಾಣುತ್ತದೆ. ಆಯ ತಪ್ಪಿದ್ದು ಯಾಕೆ? ಎಣ್ಣೆ ಚೆಲ್ಲಿತ್ತೇ, ತಲೆ ಸುತ್ತಿತೇ, ಚಪ್ಪಲಿ ಸವೆದಿತ್ತೇ? ಸುದ್ದಿ ಹೇಳುವುದಿಲ್ಲ. ಸಂಕೇತಪಟ್ಟಿಯಲ್ಲೂ ಇದರ ಅವಳಿ ಇದೆ: ಡಬ್ಲ್ಯು19, ಅಂದರೆ "ಬಿದ್ದರು, ಹೇಗೆಂದು ಗೊತ್ತಿಲ್ಲ". ಪೂರ್ತಿ ಬರೆದಾಗ ಅದರ ರೂಪ ಇನ್ನೂ ಚಂದ: ಡಬ್ಲ್ಯು19.ಎಕ್ಸ್‌ಎಕ್ಸ್‌ಎಕ್ಸ್‌ಎ. ಇಂಥ ಸಂಕೇತಕ್ಕೆ ಏಳು ಸ್ಥಾನ ತುಂಬಲೇಬೇಕು. ನಡುವೆ ತುಂಬಲು ಅಂಕಿ ಇಲ್ಲದ ಕಡೆ ಎಕ್ಸ್ ಹಾಕುತ್ತಾರೆ. ಏಳನೆಯ ಅಕ್ಷರ ಎ ಆದರೆ ಈಗ ಚಿಕಿತ್ಸೆ ನಡೆಯುತ್ತಿದೆ, ಡಿ ಆದರೆ ವಾಸಿಯಾಗುತ್ತಿದೆ, ಎಸ್ ಆದರೆ ಹಳೆಯ ಪೆಟ್ಟಿನ ಉಳಿಕೆ.

◆ ಈ ಪಟ್ಟಿಯೊಡನೆ ದಿನವಿಡೀ ಬದುಕುವವರಲ್ಲಿ ಕನ್ನಡದವರೂ ಬಹಳ. ಅಮೆರಿಕದ ಆಸ್ಪತ್ರೆಗಳ ಚಾರ್ಟುಗಳನ್ನು ಓದಿ ಸಂಕೇತ ಕೊಡುವ ಕಂಪನಿಗಳು ಬೆಂಗಳೂರಿನಲ್ಲಿ ಹಲವಾರಿವೆ; ಬಿ.ಎಸ್ಸಿ., ಬಿ.ಫಾರ್ಮ., ನರ್ಸಿಂಗ್ ಓದಿದ ಹುಡುಗ ಹುಡುಗಿಯರು ಅಲ್ಲಿ "ಕೋಡರ್"ಗಳು. ಕೆಲವು ವರ್ಷ ನಾನೂ ಆ ಕೆಲಸ ಮಾಡಿದ್ದೇನೆ. 2015ರ ಅಕ್ಟೋಬರ್ 1ರಂದು ಅಮೆರಿಕ ಹಳೆಯ ಒಂಬತ್ತನೆಯ ಆವೃತ್ತಿಯನ್ನು ಬಿಟ್ಟು ಹತ್ತಕ್ಕೆ ಬಂತು. ಸುಮಾರು 14,000 ಇದ್ದ ಸಂಕೇತಗಳು ಒಂದೇ ರಾತ್ರಿಗೆ 70,000 ಆಸುಪಾಸಿಗೆ ಏರಿದವು.

◆ ಹಾಗೆ ಏರಿದ್ದರಲ್ಲಿ ತಮಾಷೆಗಳೂ ಸೇರಿಕೊಂಡವು. ದೀಪದ ಕಂಬಕ್ಕೆ ಹೋಗಿ ಡಿಕ್ಕಿ ಹೊಡೆದರೆ ಒಂದು ಸಂಕೇತ, ಬಾತುಕೋಳಿ ಬಡಿದರೆ ಒಂದು, ಪ್ರಾಣಿಯನ್ನು ವಾಕಿಂಗ್ ಕರೆದೊಯ್ಯುತ್ತಿದ್ದರು ಎನ್ನುವುದಕ್ಕೆ ಒಂದು, ಕೈಯಲ್ಲಿ ಮೊಬೈಲ್ ಇತ್ತು ಎನ್ನುವುದಕ್ಕೆ ಒಂದು. ಅತ್ತೆ ಮಾವಂದಿರ ಜೊತೆ ಹೊಂದಾಣಿಕೆ ಇಲ್ಲ ಎನ್ನುವುದಕ್ಕೂ ಇದೆ: ಝಡ್63.1. ನಮ್ಮ ತಂಡದಲ್ಲಿ ಮದುವೆ ಗೊತ್ತಾದವರಿಗೆಲ್ಲ ಆ ನಂಬರನ್ನು ಕೇಕಿನ ಮೇಲೆ ಬರೆಸುತ್ತಿದ್ದೆವು.

◆ ಬಚ್ಚಲಿನ ವಿಳಾಸ ಕೂಡ ಬೇಕು. ಎಲ್ಲಿ ನಡೆಯಿತು ಎನ್ನುವುದಕ್ಕೆ ವೈ92. ಒಂದೇ ಕುಟುಂಬದ ಮನೆಯ ಅಡುಗೆಮನೆ ವೈ92.010, ಅದೇ ಮನೆಯ ಬಚ್ಚಲು ವೈ92.012, ಆಸ್ಪತ್ರೆಯಲ್ಲಿ ರೋಗಿಯ ಬಚ್ಚಲು ವೈ92.231, ಅಲ್ಲಿಯ ಕಾರಿಡಾರ್ ವೈ92.232. ಜಾಗದ ಸಂಕೇತವನ್ನು ಮೊದಲ ಭೇಟಿಯಲ್ಲಿ ಒಂದೇ ಸಲ ಕೊಡಬೇಕು.

◆ ಆದರೆ ಇಷ್ಟೆಲ್ಲ ನಂಬರುಗಳಿಗೂ ಒಂಟಿಯಾಗಿ ನಿಲ್ಲುವ ಹಕ್ಕಿಲ್ಲ. "ಹೇಗಾಯಿತು" ಎನ್ನುವ ಸಂಕೇತ ಪಟ್ಟಿಯಲ್ಲಿ ಮೊದಲನೆಯದಾಗಿ ಬರುವಂತಿಲ್ಲ. "ಏನಾಯಿತು" ಮೊದಲು ಬರಬೇಕು. ಎಡವಿ ಪಾದ ಉಳುಕಿದ್ದರೆ ಉಳುಕು ಮೊದಲು, ಎಡವಿದ್ದು ಆಮೇಲೆ. ಏನೂ ಆಗದೆ ಬರೀ ಗಾಬರಿಯಿಂದ ಬಂದವರನ್ನು ಪರೀಕ್ಷಿಸಿ ಕಳಿಸಿದರೆ ಅದಕ್ಕೆ ಝಡ್04.3. ಮೇಲಾಗಿ, "ಹೇಗಾಯಿತು" ಸಂಕೇತಗಳನ್ನು ಕೊಡಲೇಬೇಕು ಎಂಬ ರಾಷ್ಟ್ರಮಟ್ಟದ ಕಡ್ಡಾಯ ಅಮೆರಿಕದಲ್ಲೂ ಇಲ್ಲ. ಕೆಲವು ರಾಜ್ಯಗಳು, ಕೆಲವು ವಿಮಾ ಕಂಪನಿಗಳು ಕೇಳುತ್ತವೆ. ಉಳಿದ ಕಡೆ ಕೊಟ್ಟರೆ ಕೊಟ್ಟರು. ಕೆಲಸದ ಒತ್ತಡ ಇರುವ ದಿನ ಮೊದಲು ಉದುರುವುದು ಇವೇ ಎಂದು ಬೇರೆ ಹೇಳಬೇಕಿಲ್ಲ.

◆ ಇದು ಮನೆಯಲ್ಲೇ ಕಂಡದ್ದು. ಹೋದ ಮಳೆಗಾಲ ಅಮ್ಮ ಸ್ನಾನ ಮುಗಿಸಿ ಹೊರಬರುವಾಗ ಸೋಪಿನ ನೀರಿನ ಮೇಲೆ ಕಾಲಿಟ್ಟಳು. ಎಡಗಾಲು ಸರ್ರನೆ ಹೋಯಿತು. ಬಲಗೈಗೆ ಟವೆಲ್ ಹಾಕುವ ರಾಡ್ ಸಿಕ್ಕಿತು. ಅದರ ಒಂದು ಸ್ಕ್ರೂ ಗೋಡೆಯಿಂದ ಕಿತ್ತು ಬಂತು, ಇನ್ನೊಂದು ಹಿಡಿದು ನಿಂತಿತು. ಮೈಯ ಭಾರವೆಲ್ಲ ಒಂದು ಭುಜದ ಮೇಲೆ. ಎರಡು ದಿನ "ಏನಿಲ್ಲ ಬಿಡೋ" ಅಂದಳು. ಮೂರನೆಯ ದಿನ ಜಡೆ ಹಾಕಿಕೊಳ್ಳಲು ಕೈ ಮೇಲೆ ಹೋಗಲಿಲ್ಲ. ಆಸ್ಪತ್ರೆಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಬಿದ್ರಾ ಅಮ್ಮಾ?" ಇವಳ ಉತ್ತರ: "ಇಲ್ಲಪ್ಪ, ಬೀಳಲಿಲ್ಲ." ಚೀಟಿಯಲ್ಲಿ ಬಂದದ್ದು "ಬಲ ಭುಜದ ನೋವು", ಅಷ್ಟೇ. ಸೋಪು, ನೀರು, ರಾಡು, ಸ್ಕ್ರೂ ಯಾವುದೂ ಇಲ್ಲ. ಕೋಡರ್ ಕಣ್ಣಿನಿಂದ ನೋಡಿದರೆ ಅದು ಎಂ25.511, ತಾನಾಗಿ ಬಂದ ನೋವು. ಭುಜದ ಕೀಲು ಉಳುಕಿದ್ದು ಎಂದು ಬರೆದಿದ್ದರೆ ಎಸ್43.4ರ ಮನೆಗೆ ಹೋಗಿ, ಹಿಂದೆಯೇ ಡಬ್ಲ್ಯು18.4 ಬರುತ್ತಿತ್ತು. ಡಾಕ್ಟರು ಕೇಳಿದ್ದು ತಪ್ಪಲ್ಲ, ಅಮ್ಮ ಹೇಳಿದ್ದೂ ಸುಳ್ಳಲ್ಲ. "ಎಲ್ಲಾದ್ರೂ ಜಾರಿದ್ರಾ, ಏನಾದ್ರೂ ಹಿಡ್ಕೊಂಡ್ರಾ?" ಅಂತ ಇನ್ನೊಂದು ಮಾತು ಕೇಳುವವರು ಇರಲಿಲ್ಲ.

◆ ಹೀಗೆ ಅಸ್ಪಷ್ಟವಾಗಿ ಬರೆದದ್ದನ್ನು ಕೋಡರ್ ಊಹಿಸಿ ತುಂಬುವಂತಿಲ್ಲ. "ರೋಗಿ ಆಯ ತಪ್ಪಿ ಸಿಂಕ್ ಹಿಡಿದುಕೊಂಡರು" ಎಂದಿದ್ದರೆ ಅಷ್ಟನ್ನೇ ತೆಗೆದುಕೊಳ್ಳಬೇಕು. ಅನುಮಾನವಿದ್ದರೆ ಬರೆದ ಡಾಕ್ಟರಿಗೇ ಪ್ರಶ್ನೆ ಕಳಿಸಬೇಕು. ಅದಕ್ಕೆ "ಕ್ವೆರಿ" ಅನ್ನುತ್ತಾರೆ. ಅದಕ್ಕೂ ಮಡಿ ಇದೆ: ಉತ್ತರವನ್ನು ಬಾಯಿಗೆ ತುರುಕುವಂತೆ ಕೇಳಬಾರದು. "ರೋಗಿ ಬಿದ್ದರು ತಾನೇ?" ಎನ್ನುವಂತಿಲ್ಲ. "ಅಂದು ಏನಾಯಿತೆಂದು ದಯವಿಟ್ಟು ಸ್ಪಷ್ಟಪಡಿಸಿ" ಎನ್ನಬೇಕು. ಎಷ್ಟೋ ಕೋರ್ಟುಗಳಲ್ಲಿ ವಕೀಲರು ಇಷ್ಟು ನಾಜೂಕಾಗಿ ಕೇಳುವುದಿಲ್ಲ.

◆ ತಲೆ ಸುತ್ತಿ ಬೀಳುವುದರಲ್ಲಿದ್ದವರಿಗೆ ಬೇರೆಯೇ ನ್ಯಾಯ. ಪ್ರಜ್ಞೆ ತಪ್ಪಿದರೆ ಆರ್55. ಪ್ರಜ್ಞೆ ತಪ್ಪುವ ಹಾಗಾಗಿ ತಪ್ಪದೇ ಉಳಿದರೂ ಆರ್55! ಅಲ್ಲಿ "ಆಗುವುದರಲ್ಲಿತ್ತು" ಮತ್ತು "ಆಯಿತು" ಒಂದೇ ಮನೆಯವರು. ಕಾಲು ಜಾರಿದ ವಿಷಯಕ್ಕೆ ಬಂದಾಗ ಮಾತ್ರ ಬಿದ್ದವರು ಒಂದು ಮನೆ, ಬೀಳದವರು ಇನ್ನೊಂದು. ಪಟ್ಟಿ ಮಾಡಿದವರು ಬೇರೆ ಬೇರೆ ಕೋಣೆಯಲ್ಲಿ ಕೂತು ಮಾಡಿದರೋ ಏನೋ.

◆ ನೀರಿನ ವಿಷಯದಲ್ಲಂತೂ "ಹತ್ತಿರ ಹೋಗಿ ಬಂದದ್ದು" ಎಂಬ ಮಾತನ್ನೇ ಕೈಬಿಡಲು ತಜ್ಞರು ತೀರ್ಮಾನಿಸಿದರು. 2002ರಲ್ಲಿ ಆಂಸ್ಟರ್‌ಡಾಂನಲ್ಲಿ ಸೇರಿದ ವಿಶ್ವ ಸಮ್ಮೇಳನದ ಪ್ರಕಾರ ಮುಳುಗುವುದು ಮುಳುಗುವುದೇ. ಪರಿಣಾಮ ಸಾವು, ತೊಂದರೆ ಅಥವಾ ಏನೂ ಇಲ್ಲ. "ಇನ್ನೇನು ಮುಳುಗಿದ್ದ" ಎಂಬ ನಡುವಿನ ಖಾನೆ ಬೇಡ.

◆ ಬೀಳುವುದು ಅಂದರೇನು? ಕೇಳಲು ಪೆದ್ದು ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಬೇಕೆಂದು ಮಾಡದೆ ನೆಲಕ್ಕೋ ಇನ್ನೊಂದು ಕೆಳಮಟ್ಟಕ್ಕೋ ಬಂದು ತಲುಪುವುದು. ಸರಿ. ಈಗ ನರ್ಸ್ ಪಕ್ಕದಲ್ಲೇ ಇದ್ದು, ಕುಸಿಯುತ್ತಿದ್ದ ರೋಗಿಯನ್ನು ತಬ್ಬಿ ಮೆಲ್ಲಗೆ ನೆಲಕ್ಕೆ ಕೂರಿಸಿದರು ಎನ್ನಿ. ಅಮೆರಿಕದ ನರ್ಸಿಂಗ್ ಗುಣಮಟ್ಟದ ಲೆಕ್ಕದಲ್ಲಿ ಅದೂ ಬಿದ್ದದ್ದೇ. "ಆಸರೆಯಿಂದ ಬಿದ್ದದ್ದು" ಎಂದು ಬೇರೆ ಗುರುತಿಡುತ್ತಾರೆ. ನೆಲ ಮುಟ್ಟಿತಲ್ಲ!

ಇನ್ನು ಅಲ್ಲಿಯ ನರ್ಸಿಂಗ್ ಹೋಮ್‌ಗಳಿಗೆ ಬನ್ನಿ. ನಮ್ಮೂರಿನ ಹಾಗೆ ಸಣ್ಣ ಆಸ್ಪತ್ರೆ ಅಂದುಕೊಳ್ಳಬೇಡಿ, ವಯಸ್ಸಾದವರು ವಾಸವಿರುವ ಆರೈಕೆಮನೆಗಳು ಅವು. ಅಲ್ಲಿ ಪ್ರತಿಯೊಬ್ಬರ ಬಗ್ಗೆಯೂ ಕಾಲಕಾಲಕ್ಕೆ ತುಂಬುವ ಒಂದು ಸರ್ಕಾರಿ ನಮೂನೆ ಇದೆ. ಅದರ ಕೈಪಿಡಿ ಹೇಳುತ್ತದೆ: ತಾವಾಗಿ ಏನನ್ನಾದರೂ ಹಿಡಿದುಕೊಂಡೋ, ಇನ್ನೊಬ್ಬರು ಹಿಡಿದೋ ಬೀಳದೆ ಉಳಿದರೆ, ಅದನ್ನೂ ಬಿದ್ದದ್ದೆಂದೇ ಬರೆಯಿರಿ. ನೆಲ ಮುಟ್ಟದಿದ್ದರೂ ಸರಿ. ಆ ಲೆಕ್ಕದಲ್ಲಿ ನಮ್ಮಮ್ಮ ಬಿದ್ದವಳು. ಅದೇ ದಿನ ಅದೇ ಊರಿನ ಆಸ್ಪತ್ರೆಗೆ ಹೋಗಿದ್ದರೆ ಬೀಳದವಳು. ಒಂದೇ ಒಂದು ವಿನಾಯಿತಿ: ಫಿಸಿಯೋಥೆರಪಿಯವರು ಸಮತೋಲ ಕಲಿಸಲೆಂದೇ ಬೇಕಂತ ಅಲುಗಾಡಿಸಿ, ತಾವೇ ಹಿಡಿದರೆ ಅದು ಬಿದ್ದದ್ದಲ್ಲ. ಅದು ಪಾಠ.

◆ ಈ ಗೆರೆ ಎಲ್ಲಿ ಎಳೆಯುತ್ತಾರೆ ಎನ್ನುವುದರ ಹಿಂದೆ ದುಡ್ಡಿದೆ. 2008ರ ಅಕ್ಟೋಬರ್ 1ರಿಂದ ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಹೊಸ ನಿಯಮ ತಂದಿತು: ಆಸ್ಪತ್ರೆಯಲ್ಲಿ ಇರುವಾಗಲೇ ಬಿದ್ದು ಮೂಳೆ ಮುರಿದರೆ ಅದಕ್ಕೆ ಹೆಚ್ಚುವರಿ ದುಡ್ಡು ಕೊಡುವುದಿಲ್ಲ. ಅಂದಿನಿಂದ "ಬಿದ್ದರು" ಎಂಬ ಮಾತು ಬರೆಯುವವರ ಪೆನ್ನಿಗೆ ಸ್ವಲ್ಪ ಭಾರವಾಯಿತು ಎಂದು ನನಗನ್ನಿಸುತ್ತದೆ.

◆ ನರ್ಸ್ ಒಳಬಂದಾಗ ರೋಗಿ ನೆಲದ ಮೇಲಿದ್ದರೆ "ರೋಗಿ ಬಿದ್ದರು" ಎಂದು ಬರೆಯಬಾರದು ಎಂದೇ ಕಲಿಸುತ್ತಾರೆ. ನೀವು ನೋಡಿದ್ದು ಬಿದ್ದದ್ದನ್ನಲ್ಲ. "ಮಂಚದ ಎಡಕ್ಕೆ, ನೆಲದ ಮೇಲೆ ಕುಳಿತಿದ್ದರು, 'ಚಪ್ಪಲಿ ಹುಡುಕುತ್ತಿದ್ದೆ' ಎಂದರು" ಎಂದು ಬರೆಯಬೇಕು. ಕಂಡದ್ದು ಕಂಡ ಹಾಗೆ, ಕೇಳಿದ್ದು ಉದ್ಧರಣ ಚಿಹ್ನೆಯೊಳಗೆ. ಪಂಚನಾಮೆ ಬರೆಯುವವರಿಗೆ ಇದು ಹೊಸ ಪಾಠವೇನಲ್ಲ.

◆ ಘಟನೆಯ ವರದಿ ಅಂತ ಇನ್ನೊಂದು ಕಾಗದ ಇರುತ್ತದೆ, "ಇನ್ಸಿಡೆಂಟ್ ರಿಪೋರ್ಟ್". ಅದು ರೋಗಿಯ ಕಡತದೊಳಗೆ ಸೇರುವುದಿಲ್ಲ. ವರದಿ ಬರೆದಿದ್ದೇವೆ ಎಂದು ಕಡತದಲ್ಲಿ ಸೂಚಿಸಲೂ ಬಾರದು ಎನ್ನುವುದು ಅಲ್ಲಿಯ ರೂಢಿ. ಕಡತ ಚಿಕಿತ್ಸೆಗೆ, ವರದಿ ಆಸ್ಪತ್ರೆ ತನ್ನನ್ನು ತಾನು ತಿದ್ದಿಕೊಳ್ಳಲಿಕ್ಕೆ. ಬೀಳದೆ ಉಳಿದ ಪ್ರಸಂಗಗಳು ಎಲ್ಲಾದರೂ ಬದುಕಿ ಉಳಿದರೆ ಈ ಎರಡನೆಯ ಕಾಗದದಲ್ಲೇ. ಕೋಡರ್‌ಗೆ ಅದು ಕಾಣುವುದೇ ಇಲ್ಲ.

◆ ಹಳದಿ ಪಟ್ಟಿಯ ಕಥೆ ಕೇಳಿದ್ದೀರಾ? ಅಮೆರಿಕದ ಆಸ್ಪತ್ರೆಗಳಲ್ಲಿ ಈಗ ಮುಂಗೈಗೆ ಹಳದಿ ಪಟ್ಟಿ ಇದ್ದರೆ "ಬೀಳುವ ಅಪಾಯ ಇರುವವರು" ಎಂದರ್ಥ. ಮೊದಲು ಹಾಗಿರಲಿಲ್ಲ, ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಅರ್ಥ. ಪೆನ್ಸಿಲ್ವೇನಿಯಾದಲ್ಲಿ ಎರಡು ಕಡೆ ಕೆಲಸ ಮಾಡುತ್ತಿದ್ದ ಒಬ್ಬ ನರ್ಸ್, "ಈ ಕೈಗೆ ಸೂಜಿ ಚುಚ್ಚಬೇಡಿ" ಎಂಬ ಅರ್ಥದಲ್ಲಿ ರೋಗಿಗೆ ಹಳದಿ ಪಟ್ಟಿ ಕಟ್ಟಿದರು. ಆ ಆಸ್ಪತ್ರೆಯಲ್ಲಿ ಹಳದಿ ಅಂದರೆ "ಹೃದಯ ನಿಂತರೆ ಬದುಕಿಸಲು ಯತ್ನಿಸಬೇಡಿ". ರೋಗಿಯ ಹೃದಯ ನಿಂತೇಬಿಟ್ಟಿತು. ಪಟ್ಟಿ ನೋಡಿ ಎಲ್ಲರೂ ಒಂದು ಕ್ಷಣ ತಡೆದರು. ಇನ್ನೊಬ್ಬರು ತಪ್ಪನ್ನು ಹಿಡಿದದ್ದರಿಂದ ಜೀವ ಉಳಿಯಿತು. ಯಾರಿಗೂ ಏನೂ ಆಗದ ಈ ಪ್ರಸಂಗವನ್ನು ಯಾರೋ ಬರೆದು ಕಳಿಸಿದರು, 2005ರಲ್ಲಿ ಅಲ್ಲಿಯ ರೋಗಿ ಸುರಕ್ಷಾ ಪ್ರಾಧಿಕಾರ ಅದನ್ನು ಎಲ್ಲ ಆಸ್ಪತ್ರೆಗಳಿಗೂ ತಿಳಿಸಿತು, 2008ರಲ್ಲಿ ಬಣ್ಣಗಳನ್ನು ಒಂದೇ ಮಾಡುವ ಶಿಫಾರಸು ಬಂತು: ಅಲರ್ಜಿಗೆ ಕೆಂಪು, ಬೀಳುವ ಅಪಾಯಕ್ಕೆ ಹಳದಿ, ಬದುಕಿಸಬೇಡಿ ಎನ್ನುವುದಕ್ಕೆ ನೇರಳೆ.

◆ ಬರೆದು ಕಳಿಸುವ ಈ ಅಭ್ಯಾಸವನ್ನು ಆಸ್ಪತ್ರೆಗಳು ಕಲಿತದ್ದು ವಿಮಾನದವರಿಂದ. 1974ರ ಡಿಸೆಂಬರ್ 1ರಂದು ಟಿಡಬ್ಲ್ಯುಎ ಕಂಪನಿಯ 514ನೇ ವಿಮಾನ ವರ್ಜೀನಿಯಾದ ಬೆಟ್ಟಕ್ಕೆ ಬಡಿದು 92 ಜನ ಸತ್ತರು. ಸುಮಾರು ಆರು ವಾರ ಮೊದಲು ಯುನೈಟೆಡ್ ಕಂಪನಿಯ ಇನ್ನೊಂದು ವಿಮಾನ ಅದೇ ಜಾಗದಲ್ಲಿ, ಅದೇ ಸೂಚನೆಯನ್ನು ಅದೇ ರೀತಿ ತಪ್ಪಾಗಿ ತಿಳಿದು, ಬೆಟ್ಟದಿಂದ ಕೂದಲೆಳೆಯಲ್ಲಿ ಪಾರಾಗಿತ್ತು. ಪೈಲಟ್‌ಗಳು ತಮ್ಮ ಕಂಪನಿಗೆ ಹೇಳಿದ್ದರು, ಕಂಪನಿ ತನ್ನ ಪೈಲಟ್‌ಗಳಿಗೆ ಹೇಳಿತ್ತು. ಪಕ್ಕದ ಕಂಪನಿಗೆ ಹೇಳುವ ದಾರಿ ಇರಲಿಲ್ಲ. 1976ರಲ್ಲಿ ನಾಸಾ ನಡೆಸುವ ವರದಿ ವ್ಯವಸ್ಥೆ ಶುರುವಾಯಿತು. ಹೇಳಿದವರ ಹೆಸರು ಗುಟ್ಟಾಗಿ ಉಳಿಯುತ್ತದೆ. ನಾಸಾಕ್ಕೆ ಏಕೆ ಕೊಟ್ಟರು? ಪೈಲಟ್‌ಗಳ ಲೈಸೆನ್ಸ್ ಕಿತ್ತುಕೊಳ್ಳುವ ಅಧಿಕಾರ ಅದಕ್ಕಿಲ್ಲ, ಅದಕ್ಕೆ.

◆ ಒಂದು ದೊಡ್ಡ ಅಪಘಾತದ ಹಿಂದೆ 29 ಸಣ್ಣವು, 300 ಏನೂ ಆಗದವು. ಈ 1-29-300 ಸೂತ್ರವನ್ನು ಸುರಕ್ಷತಾ ತರಬೇತಿಗಳಲ್ಲಿ ಮಂತ್ರದಂತೆ ಹೇಳುತ್ತಾರೆ. ಹೇಳಿದವನು ಹೈನ್‌ರಿಕ್ ಎಂಬ ವಿಮಾ ಕಂಪನಿಯ ನೌಕರ, 1931ರಲ್ಲಿ. ಅವನು ಎಣಿಸಿದ ಮೂಲ ಕಡತಗಳನ್ನು ಆಮೇಲೆ ಬಂದವರಿಗೆ ಪರಿಶೀಲಿಸಲಾಗಿಲ್ಲ. ಅಂಕಿಯನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

◆ ಎಡವಿದ ಕಾಲೇ ಎಡವುತ್ತೆ ಎನ್ನುತ್ತದೆ ಗಾದೆ. ಗಾದೆಗೆ ವಾರ್ಡಿನಲ್ಲಿ 25 ಅಂಕ. ಜಾನಿಸ್ ಮೋರ್ಸ್ ಎಂಬ ನರ್ಸಿಂಗ್ ವಿದ್ವಾಂಸೆ ರೂಪಿಸಿ, 1989ರಲ್ಲಿ ಪ್ರಕಟಿಸಿದ ಅಳತೆಪಟ್ಟಿಯಲ್ಲಿ ಆರು ಪ್ರಶ್ನೆಗಳಿವೆ. ಇತ್ತೀಚೆಗೆ ಬಿದ್ದಿದ್ದರೆ 25, ಇನ್ನೊಂದು ಕಾಯಿಲೆ ಇದ್ದರೆ 15, ಡ್ರಿಪ್ ಹಾಕಿದ್ದರೆ 20, ನಡಿಗೆ ಕೆಟ್ಟಿದ್ದರೆ 20ರವರೆಗೆ, ತನ್ನ ಶಕ್ತಿ ಎಷ್ಟೆಂಬ ಅರಿವು ಇಲ್ಲದಿದ್ದರೆ 15. ಅತಿ ಹೆಚ್ಚು ಅಂಕ ಯಾವುದಕ್ಕೆ ಗೊತ್ತೇ? ಕೋಲು, ವಾಕರ್ ಬಿಟ್ಟು ಕುರ್ಚಿ ಮೇಜು ಹಿಡಿದುಕೊಂಡು ನಡೆಯುವವರಿಗೆ, 30. ನಿಮ್ಮ ಮನೆಯಲ್ಲಿ ಗೋಡೆಯ ಮೇಲೆ, ಅಜ್ಜನ ಭುಜದ ಎತ್ತರಕ್ಕೆ, ಎಣ್ಣೆಗೈ ಗುರುತಿನ ಸಾಲು ಇದೆಯೇ ನೋಡಿ.

◆ ಆದರೆ ಗಾದೆ ಎಡವಿದ್ದನ್ನೂ ಲೆಕ್ಕ ಹಿಡಿಯುತ್ತದೆ. ಪಟ್ಟಿ ಬಿದ್ದದ್ದನ್ನು ಮಾತ್ರ ಕೇಳುತ್ತದೆ. ಗಾದೆಯೇ ಹೆಚ್ಚು ಶಾಸ್ತ್ರೀಯ ಎನ್ನುವುದು ನನ್ನ ಪಕ್ಷ.

◆ ಒಂದೇ ತರಹ ಕಾಣುವ ಎರಡು ಸಂಕೇತಗಳಲ್ಲಿ ಹೊಸ ಕೋಡರ್‌ಗಳು ಎಡವುತ್ತಾರೆ. ಇತ್ತೀಚೆಗೆ ಬಿದ್ದಿದ್ದಾರೆ, ಯಾಕೆಂದು ಹುಡುಕುತ್ತಿದ್ದಾರೆ ಅಂದರೆ ಆರ್29.6. ಹಿಂದೆ ಬಿದ್ದಿದ್ದರು, ಮುಂದೆಯೂ ಬೀಳಬಹುದು ಅಂದರೆ ಝಡ್91.81. ಎರಡೂ ನಿಜವಾದರೆ ಎರಡನ್ನೂ ಕೊಡಬಹುದು. ಆಡಿಟ್‌ನಲ್ಲಿ ನನ್ನ ಮೊದಲ ಕೆಂಪು ಗುರುತು ಇಲ್ಲೇ ಬಿದ್ದದ್ದು.

◆ ನಡೆಯುತ್ತಿರುವ ಹಿರಿಯರನ್ನು ಮಾತಾಡಿಸಿ ನೋಡಿ. ಉತ್ತರ ಕೊಡಲು ಅವರು ನಿಂತುಬಿಡುತ್ತಾರೆಯೇ? ಸ್ವೀಡನ್ನಿನ ಸಂಶೋಧಕರು 1997ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಪುಟ್ಟ ವರದಿ ಬರೆದರು. 58 ಹಿರಿಯರಲ್ಲಿ 12 ಮಂದಿ ಮಾತಾಡಲು ನಿಂತರು. ಮುಂದಿನ ಆರು ತಿಂಗಳಲ್ಲಿ ಆ 12ರಲ್ಲಿ 10 ಮಂದಿ ಬಿದ್ದರು. ಯಂತ್ರ ಇಲ್ಲ, ಸ್ಕ್ಯಾನ್ ಇಲ್ಲ. "ಊಟ ಆಯ್ತಾ ಅಜ್ಜಾ?" ಅಂದರೆ ಸಾಕು.

◆ ಸಮತಟ್ಟು ನೆಲದಲ್ಲಿ ನಡೆಯುವಾಗ ಬೀಸಿ ಬರುವ ಪಾದದ ತುದಿ ನೆಲದಿಂದ ಎಷ್ಟು ಎತ್ತರದಲ್ಲಿ ಹಾದುಹೋಗುತ್ತದೆ? ಒಂದೆರಡು ಸೆಂಟಿಮೀಟರ್, ಅಷ್ಟೇ. ಚಾಪೆಯ ಮಡಿಕೆ, ಕಾರ್ಪೆಟ್ಟಿನ ಅಂಚು ಎಲ್ಲವೂ ಅದಕ್ಕೆ ಬೆಟ್ಟ. ಇನ್ನು ನಮ್ಮ ಹಳೆ ಮನೆಗಳ ಹೊಸ್ತಿಲು ನೋಡಿ, ನಾಲ್ಕು ಬೆರಳು ಎತ್ತರ, ಅರಿಶಿನ ಕುಂಕುಮ ಹಚ್ಚಿ ರಂಗೋಲಿ ಬಿಡಿಸಿದ್ದು. ತುಳಿಯಬಾರದು, ದಾಟಬೇಕು ಎಂಬ ಕಟ್ಟಳೆಯಿಂದಾಗಿ ಕಣ್ಣು ತಾನಾಗಿ ಅತ್ತ ಹೋಗುತ್ತದೆ. ಹೊಸ ಫ್ಲ್ಯಾಟಿನ ಬಚ್ಚಲಿಗೆ ಇರುವ ಒಂದೂವರೆ ಇಂಚಿನ ಗ್ರಾನೈಟ್ ಪಟ್ಟಿಗೆ ಯಾರೂ ಕುಂಕುಮ ಹಚ್ಚುವುದಿಲ್ಲ.

◆ ಎಡವಿದ ಕಾಲಿಗೆ ಎರಡು ಉಪಾಯ ಗೊತ್ತು. ಹೆಜ್ಜೆ ಶುರುವಾಗುತ್ತಿದ್ದಂತೆ ತಗುಲಿದರೆ ಅದೇ ಕಾಲನ್ನು ಇನ್ನೂ ಮೇಲೆತ್ತಿ ದಾಟಿಸುತ್ತದೆ. ಹೆಜ್ಜೆ ಮುಗಿಯುವ ಹೊತ್ತಿಗೆ ತಗುಲಿದರೆ ಆ ಕಾಲನ್ನು ಥಟ್ಟನೆ ಊರಿ, ಇನ್ನೊಂದು ಕಾಲನ್ನು ಮುಂದೆ ಹಾಕುತ್ತದೆ. ಇದನ್ನು ನೀವು ಯೋಚಿಸಿ ಮಾಡುವುದಿಲ್ಲ. "ಅಯ್ಯೋ" ಎನ್ನುವಷ್ಟರಲ್ಲಿ ಮುಗಿದಿರುತ್ತದೆ.

◆ ಮಂಚದಿಂದ ಎದ್ದೊಡನೆ ಕಣ್ಣಿಗೆ ಕತ್ತಲೆ ಬಂದರೆ ಬಿ.ಪಿ. ಮಲಗಿದಾಗ ಒಮ್ಮೆ, ನಿಂತು ಮೂರು ನಿಮಿಷದೊಳಗೆ ಒಮ್ಮೆ ನೋಡಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದಕ್ಕೆ ಹೆಸರೂ ಇದೆ, ಸಂಕೇತವೂ ಇದೆ: ಐ95.1. "ವಯಸ್ಸಾಯ್ತಲ್ಲ" ಎನ್ನುವುದಕ್ಕೆ ಬೇರೆಯೇ ಸಂಕೇತ, ಆರ್54.

◆ ನಮ್ಮ ದೇಶದ ಮಾತು ಬೇರೆ. ಮರಣ ಕಾರಣಗಳನ್ನು ವರ್ಗೀಕರಿಸಲು ಇಲ್ಲಿ ಬಳಸುವುದು ವಿಶ್ವ ಆರೋಗ್ಯ ಸಂಸ್ಥೆಯ ಮೂಲ ಐಸಿಡಿ-10. ಬೀಳದೆ ಉಳಿದವರ ಡಬ್ಲ್ಯು18.4 ಅಮೆರಿಕದವರು ಸೇರಿಸಿಕೊಂಡದ್ದು, ಮೂಲದಲ್ಲಿಲ್ಲ. ಆಸ್ಪತ್ರೆಯಲ್ಲಿ ಸತ್ತರೆ ಡಾಕ್ಟರು ತುಂಬುವ ನಮೂನೆ 4ರಲ್ಲಿ "ಗಾಯ ಹೇಗಾಯಿತು" ಎಂಬ ಸಾಲೊಂದಿದೆ. ನಮ್ಮಲ್ಲಿ ಈ ಪ್ರಶ್ನೆಯನ್ನು ಕಾಗದದ ಮೇಲೆ ಖಡಾಖಂಡಿತವಾಗಿ ಕೇಳುವುದು ಸತ್ತ ಮೇಲೆ.

◆ 2022ರ ಜನವರಿ 1ರಿಂದ ಜಾರಿಗೆ ಬಂದ ಐಸಿಡಿ-11 ಬೀಳುವುದಕ್ಕೆ ಒಂದು ಮೀಟರಿನ ಗೆರೆ ಹಾಕಿದೆ. ನೆಲದ ಮೇಲೇ ಅಥವಾ ಒಂದು ಮೀಟರಿಗಿಂತ ಕಡಿಮೆ ಎತ್ತರದಿಂದ ಬಿದ್ದದ್ದು ಒಂದು, ಒಂದು ಮೀಟರು ಅಥವಾ ಅದಕ್ಕಿಂತ ಮೇಲಿನಿಂದ ಬಿದ್ದದ್ದು ಇನ್ನೊಂದು. ಬಿದ್ದವರು ಟೇಪು ಹಿಡಿದು ಅಳೆಯುವುದಿಲ್ಲವಾದ್ದರಿಂದ ಕೇಳುವವರೇ "ಸೊಂಟದಷ್ಟಾ, ಮೊಳಕಾಲಷ್ಟಾ?" ಎನ್ನಬೇಕು.

◆ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ನಮ್ಮ ಎನ್‌ಎಬಿಎಚ್ ಸಂಸ್ಥೆ ರೋಗಿಗಳು ಬಿದ್ದ ಲೆಕ್ಕದ ಜೊತೆಗೆ "ನಿಯರ್ ಮಿಸ್" ಲೆಕ್ಕವನ್ನೂ ಕೇಳುತ್ತದೆ. ವರದಿಯಾದ ಒಟ್ಟು ಘಟನೆಗಳಲ್ಲಿ ಕೂದಲೆಳೆಯಲ್ಲಿ ತಪ್ಪಿದವು ಶೇಕಡಾ ಎಷ್ಟು ಎಂದು. ಇಲ್ಲಿ ಒಂದು ತಿರುವು: ಈ ಅಂಕಿ ಜಾಸ್ತಿ ಇದ್ದರೆ ಒಳ್ಳೆಯದು. ಸೊನ್ನೆ ಎಂದು ಬರೆದು ಕಳಿಸುವ ವಾರ್ಡಿನಲ್ಲಿ ಯಾರೂ ಎಡವುತ್ತಿಲ್ಲ ಎಂದಲ್ಲ, ಬರೆಯಲು ಹೆದರುತ್ತಿದ್ದಾರೆ ಎಂದೇ ಅನುಭವಿಗಳು ಓದಿಕೊಳ್ಳುತ್ತಾರೆ.

◆ ಮರದಿಂದ ಬಿದ್ದರೆ ಡಬ್ಲ್ಯು14, ಬಾವಿಗೆ ಬಿದ್ದರೆ ಡಬ್ಲ್ಯು17ರ ಗುಂಪು. ಮಲೆನಾಡಿನ ತೋಟದಲ್ಲಿ ಕೊನೆಗಾರ ಪಾಚಿ ಹಿಡಿದ ಅಡಿಕೆ ಮರದ ತುದಿಯಲ್ಲಿ ಕಾಲು ಜಾರಿ, ಎರಡಾಳು ಉದ್ದ ಸರ್ರನೆ ಇಳಿದು, ಎದೆ ಮತ್ತು ಒಳತೊಡೆ ತರಚಿಕೊಂಡು, ಮರವನ್ನು ತಬ್ಬಿ ನಿಲ್ಲುತ್ತಾನೆ. ಕೆಳಗಿದ್ದವರು "ಏ ಏ ಏ!" ಅನ್ನುತ್ತಾರೆ. ಇಳಿದು ಬಂದು, ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ, ಒಂದು ಕವಳ ಹಾಕಿ, ಪಕ್ಕದ ಮರಕ್ಕೆ ಹತ್ತುತ್ತಾನೆ. ಅವನ ಚಾರ್ಟು ಯಾವ ಊರಿನ ಯಾವ ಕೋಡರ್‌ಗೂ ಬರುವುದಿಲ್ಲ.

◆ ಬಿದ್ದ ಸಂಗತಿಗಳನ್ನು ತಿಂಗಳ ಕೊನೆಗೆ ಕೇಳಿದರೆ ಜನ ಮರೆತಿರುತ್ತಾರೆ. ಬೀಳದೆ ಉಳಿದದ್ದನ್ನಂತೂ ಸಂಜೆಗೇ ಮರೆಯುತ್ತಾರೆ. ಅದಕ್ಕೇ ಯುರೋಪಿನ ಸಂಶೋಧಕರ ಗುಂಪೊಂದು 2005ರಲ್ಲಿ, ಬಿದ್ದ ದಿನವೇ ಗುರುತು ಹಾಕಬೇಕು, ಕನಿಷ್ಠ ತಿಂಗಳಿಗೊಮ್ಮೆ ಅದನ್ನು ಒಪ್ಪಿಸಬೇಕು ಎಂದು ಶಿಫಾರಸು ಮಾಡಿತು. ಇದನ್ನು ಓದಿದ ಮೇಲೆ ನಾನೂ ಅಮ್ಮನಿಗೆ ಹೇಳಿದೆ. ಅಡುಗೆಮನೆಯ ಗೋಡೆಯಲ್ಲಿ ತೂಗುವ ಕ್ಯಾಲೆಂಡರ್ ಮೇಲೆ ಅವಳು ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಏಕಾದಶಿ ಎಲ್ಲ ಬರೆಯುತ್ತಾಳೆ. ಅದರಲ್ಲೇ ಜಾರಿದರೆ "ಜಾ", ಎಡವಿದರೆ "ಎ", ತಲೆ ಸುತ್ತಿದರೆ "ತ" ಬರಿ ಅಂದೆ. "ಬೀಳದೇ ಇದ್ದದ್ದನ್ನೂ ಬರೀತಾರೇನೋ, ಅಪಶಕುನ" ಅಂದಳು. ಮೊದಲ ತಿಂಗಳ ಹಾಳೆ ಖಾಲಿ. ಈ ತಿಂಗಳು ಹಾಲು ಎರಡು ದಿನ ಬಂದಿಲ್ಲ, ಸಿಲಿಂಡರ್ 14ಕ್ಕೆ ಬಂದಿದೆ, "ಜಾ" ಒಂದು, "ಎ" ಮೂರು. ಮೂರೂ "ಎ" ಎದುರಿಗೆ ಪೆನ್ಸಿಲ್‌ನಲ್ಲಿ ಅವಳೇ ಕಾರಣ ಬರೆದಿದ್ದಾಳೆ: ಬೆಕ್ಕು, ಬೆಕ್ಕು, ನಿನ್ನ ಚಾರ್ಜರ್ ವೈರು.